ಹಕ್ಕಲಿಗೆ ಬಿಟ್ಟ ಸಾಲು

ಆ ಕಾಲದಲ್ಲಿ ಹಾಸನದ ಸಾಲಗಾಮೆ ಕಡೆಯ ನಮ್ಮೂರಿಗೆ ಗೌರಿ ಹಬ್ಬ ಹತ್ತಿರ ಬಂತೆಂದರೆ ಮೊದಲು ಗೊತ್ತಾಗುತ್ತಿದ್ದುದು ಮೂಗಿಗೆ. ಊರಿಗೆ ಊರೇ ಆಲೂಗೆಡ್ಡೆ ಕೀಳುತ್ತಿತ್ತು. ಅಗೆದ ಹಸಿಮಣ್ಣು, ಬಾಡಿದ ಗಿಡ, ಎಲ್ಲೋ ಕೊಳೆತ ಒಂದೆರಡು ಗೆಡ್ಡೆ, ಎಲ್ಲದರ ವಾಸನೆ ಸೇರಿ ಶಾಲೆಯ ಕಿಟಕಿಯವರೆಗೂ ಬರುತ್ತಿತ್ತು. ಆ ದಿನಗಳಲ್ಲಿ ಶಾಲೆಗೆ ಚಕ್ಕರ್ ಹೊಡೆದರೆ ಮೇಷ್ಟ್ರೂ ಕೇಳುತ್ತಿರಲಿಲ್ಲ, ಅವರಿಗೂ ಹೊಲವಿತ್ತು. ಬದುವಿನ ಮೇಲೆ ಒಣಗಿದ ಕಡ್ಡಿಗೆ ಬೆಂಕಿ ಹಾಕಿ, ಕೆಂಡದಲ್ಲಿ ಗೆಡ್ಡೆ ಸುಟ್ಟು, ಉಪ್ಪುಖಾರ ಅದ್ದಿ ತಿಂದು ಬಾಯಿ ಸುಟ್ಟುಕೊಳ್ಳದ ಮಕ್ಕಳು ನಮ್ಮೂರಲ್ಲಿ ಇರಲೇ ಇಲ್ಲ.

ಊರಿಗೆಲ್ಲ ಕ್ರೈಸ್ತರ ಮನೆ ನಮ್ಮದೊಂದೇ. ಗೌರಿ ಹಬ್ಬಕ್ಕೆ ಅವರಿವರ ಮನೆಯ ಒಬ್ಬಟ್ಟು ನಮಗೆ ಬರುತ್ತಿತ್ತು, ಕ್ರಿಸ್‌ಮಸ್ಸಿಗೆ ನಮ್ಮ ಕಜ್ಜಾಯ ಎಲ್ಲರಿಗೂ ಹೋಗುತ್ತಿತ್ತು. ಮಿಕ್ಕಂತೆ ಅವರೂ ನಾವೂ ಒಂದೇ, ಒಂದು ವಿಷಯ ಬಿಟ್ಟು. ನಮ್ಮಪ್ಪ ದಾವೀದಪ್ಪ ಹೊಲವನ್ನು ಪೂರ್ತಿ ಕೀಳುತ್ತಿರಲಿಲ್ಲ. ಕುಯಿಲು ಮುಗಿದ ಹೊಲದಲ್ಲಿ ಬಿದ್ದು ಉಳಿದದ್ದನ್ನು ಬಡವರು ಆಯ್ದುಕೊಳ್ಳುವುದಕ್ಕೆ ಹಕ್ಕಲು ಎನ್ನುತ್ತಾರಲ್ಲ, ಬೇರೆಯವರ ಹೊಲದಲ್ಲಿ ಹಕ್ಕಲೆಂದರೆ ಗೋಲಿಯಷ್ಟು ಸಣ್ಣ ಗೆಡ್ಡೆ. ಅಪ್ಪ ಮಾತ್ರ ಹೊಲದ ಒಂದು ಅಂಚಿನ ಸಾಲುಗಳನ್ನು ಮುಟ್ಟದೆ ಹಾಗೇ ಬಿಡುತ್ತಿದ್ದ. ಅದು ಬೈಬಲಿನಲ್ಲಿ ಬರೆದಿರುವ ದೇವರ ಕಟ್ಟಳೆ ಎಂದು ಅವನ ನಂಬಿಕೆ.

ಯಾವ ಅಂಚು ಬಿಡಬೇಕೆಂದು ಆರಿಸುವ ಕೆಲಸ ನನ್ನದು ಮತ್ತು ತಮ್ಮ ಸ್ಯಾಮಿಯದು. ಸ್ಯಾಮಿ ಸೊರಗಿದ ಗಿಡಗಳ ಕಡೆಗೇ ಕೈ ತೋರಿಸುತ್ತಿದ್ದ.

"ಲೇ, ನಿಂಗೆ ಬ್ಯಾಡದ್ದ ಕೊಟ್ರೆ ಅದು ಕೊಟ್ಟಂಗಲ್ಲ ಕಣ್ಲಾ, ಎಸ್ದಂಗೆ" ಎಂದು ಅಪ್ಪ ನಗುತ್ತ ಅವನ ಕೈಯನ್ನು ಒಳ್ಳೆಯ ಸಾಲಿನತ್ತ ತಿರುಗಿಸುತ್ತಿದ್ದ. ಬಿಟ್ಟ ಮೇಲೆ ಯಾರು ಕಿತ್ತರು, ಎಷ್ಟು ಕಿತ್ತರು ಎಂದು ಇಣುಕಿ ನೋಡುವಂತಿಲ್ಲ. ನೋಡಿದರೆ ಅವರಿಗೆ ನಾಚಿಕೆ, ನಮಗೆ ಜಂಬ ಎನ್ನುತ್ತಿದ್ದ.

ನೋಡದಿದ್ದರೂ ನಮಗೆ ಗೊತ್ತಿತ್ತು. ಊರಾಚೆಯ ಗುಡಿಸಲಿನಲ್ಲಿ ಪುಟ್ಟ ಮೊಮ್ಮಗಳನ್ನು ಸಾಕಿಕೊಂಡಿದ್ದ ಸಣ್ಣಮ್ಮ ಬಿದಿರಿನ ಮಂಕರಿ ಹೊತ್ತು ಬರುತ್ತಿದ್ದಳು. ಮಳೆಗಾಲ ಕಳೆಯುವವರೆಗೆ ಆ ಗೆಡ್ಡೆಯೇ ಅವರಿಬ್ಬರಿಗೆ ಸಾರು, ಪಲ್ಯ, ಕೆಲವು ದಿನ ಊಟವೂ ಅದೇ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಆಲೂಗೆಡ್ಡೆಗೆ ಎಂದೂ ಇಲ್ಲದ ಬೆಲೆ ಬಂತು. ನಮ್ಮ ಹೊಲ ಕಿತ್ತು ಮುಗಿದ ಮರುದಿನ ಬೆಳಗ್ಗೆ ಎಮ್ಮೆ ಹೊಡೆದುಕೊಂಡು ಹೋದರೆ, ಪಕ್ಕದ ಹೊಲದ ಪುಟ್ಟರಾಜಣ್ಣ ನಾವು ಬಿಟ್ಟ ಸಾಲುಗಳಿಗೆ ನೇಗಿಲು ಇಳಿಸಿದ್ದ. ಹಿಂದೆ ಅವನ ಆಳುಗಳು ಚೀಲಕ್ಕೆ ಆಯ್ದು ತುಂಬುತ್ತಿದ್ದರು. ಸಣ್ಣಮ್ಮ ಖಾಲಿ ಮಂಕರಿಯನ್ನು ಸೊಂಟಕ್ಕಿಟ್ಟುಕೊಂಡು ಬದುವಿನ ಮೇಲೆ ನಿಂತಿದ್ದಳು. ನಾನು ಓಡಿಹೋಗಿ ಅಪ್ಪನನ್ನು ಎಳೆದುಕೊಂಡು ಬಂದೆ.

"ರಾಜಣ್ಣ, ಅದು ಹಕ್ಕಲಿಗೆ ಬುಟ್ಟಿರೋದು" ಅಂದ ಅಪ್ಪ, ಮೆಲ್ಲಗೆ.

"ಗೊತ್ತು ಕಣ್ ದಾವೀದಪ್ಪ. ನೀನೇ ಬುಟ್ಟಿದ್ದೀಯಲ್ಲ. ಬುಟ್ಟ ಮ್ಯಾಲೆ ಯಾರ್ ತಗಂಡ್ರೇನು? ಮೊದ್ಲು ಬಂದೋರ್ಗೆ ಸಿಕ್ತದೆ" ಎಂದು ರಾಜಣ್ಣ ಎತ್ತಿನ ಬಾಲ ಮುರಿದು ಮುಂದಕ್ಕೆ ಹೊಡೆದ.

ಅಪ್ಪ ಈಗ ಬೈಯುತ್ತಾನೆ, ಈಗ ನೇಗಿಲಿಗೆ ಅಡ್ಡ ನಿಲ್ಲುತ್ತಾನೆ ಎಂದು ಕಾದೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ನಮ್ಮಪ್ಪನಿಗೆ ದೇವರು ಬಾಯಿ ಕೊಟ್ಟಿದ್ದು ಭಾನುವಾರ ಹಾಸನದ ಚರ್ಚಿನಲ್ಲಿ ಹಾಡುವುದಕ್ಕೆ ಮಾತ್ರ. ಅವನು ಸಣ್ಣಮ್ಮನ ಮುಖವನ್ನೂ ನೋಡದೆ ತಲೆ ತಗ್ಗಿಸಿ ಮನೆ ಕಡೆ ನಡೆದ. ನನಗೆ ಕೂಗಬೇಕೆನಿಸಿತು. ಆದರೆ ಒಂದು ಹುಡುಗಿ ಕೂಗಿದರೆ ಎತ್ತು ನಿಲ್ಲುತ್ತದೆಯೇ? ಸಿಟ್ಟಿಗೆ ಅಳುವೇ ಬಂತು.

ಮನೆಯಲ್ಲಿ ಅವ್ವ ಮುದ್ದೆ ತೊಳಸುತ್ತಿದ್ದಳು. ನಾನು ಅಳುತ್ತಲೇ ನಡೆದದ್ದೆಲ್ಲ ಹೇಳಿದೆ.

"ಓಗ್ಲಿ ಬುಡು" ಅಂದ ಅಪ್ಪ. "ಒಂದ್ ಕೆನ್ನೆಗೆ ಹೊಡ್ದೋರ್ಗೆ ಇನ್ನೊಂದ ತೋರ್ಸು ಅಂದವ್ರೆ ಸ್ವಾಮಿ. ಜಗಳ ಆಡಿ ಏನ್ ಬತ್ತದೆ?"

ಅವ್ವ ಕೋಲು ನಿಲ್ಲಿಸಿದಳು. "ಸ್ವಾಮಿ ಅಂದಿದ್ದು ನಿಮ್ ಕೆನ್ನೆಯ. ನೀವು ತೋರ್ಸಿ ಬಂದಿರೋದು ಸಣ್ಣಮ್ಮನ ಕೆನ್ನೆ."

ಅಪ್ಪ ಮುದ್ದೆ ಮುರಿದ, ತಿನ್ನಲಿಲ್ಲ. ಎದ್ದುಹೋಗಿ, ಮನೆಗೆಂದು ಆರಿಸಿಟ್ಟಿದ್ದ ದಪ್ಪ ಗೆಡ್ಡೆಗಳನ್ನು ಮಂಕರಿಗೆ ತುಂಬಿ ತಲೆಯ ಮೇಲಿಟ್ಟುಕೊಂಡ. ನನ್ನನ್ನೂ ಸ್ಯಾಮಿಯನ್ನೂ ಜೊತೆಗೆ ಕರೆದ. ಸಣ್ಣಮ್ಮನ ಗುಡಿಸಲ ಮುಂದೆ ಇಳಿಸಿ, "ತಗೋ ಸಣ್ಣಮ್ಮ, ನಿಂಗೇ ತಂದಿದ್ದು" ಅಂದ.

ಸಣ್ಣಮ್ಮ ಮುಟ್ಟಲಿಲ್ಲ. ಅವಳ ದನಿಯಲ್ಲಿ ಕೋಪವೂ ಇರಲಿಲ್ಲ.

"ಬ್ಯಾಡ ಕಣಪ್ಪ. ಹಕ್ಕಲು ನನ್ ಪಾಲು, ಬಗ್ಗಿ ನಾನೇ ಆಯ್ಕತಿದ್ದೆ. ಯಾರ್ ತಾವೂ ಕೈ ಒಡ್ಡಿರ್ನಿಲ್ಲ. ಇವತ್ತು ನೀನ್ ಬಾಗ್ಲಿಗೆ ತಂದ್ಕೊಟ್ರೆ ಅದು ಭಿಕ್ಸೆ ಆಯ್ತದೆ. ನನ್ ಪಾಲ ನಿನ್ ಕೈಲಿ ಕಾಯಾಕಾಗ್ದ ಮ್ಯಾಲೆ ನಿನ್ ಪಾಲು ನಂಗ್ಯಾಕಪ್ಪ?"

ಒಳಗಿಂದ ಮೊಮ್ಮಗಳು ಮಂಕರಿಯನ್ನೇ ನೋಡುತ್ತಿದ್ದಳು. ಸಣ್ಣಮ್ಮ ಅವಳನ್ನು ಸೆರಗಿನ ಹಿಂದಕ್ಕೆ ಸರಿಸಿದಳು. ಆ ಮಂಕರಿಯನ್ನು ಮತ್ತೆ ಹೊತ್ತು ವಾಪಸು ಬಂದೆವು. ಆ ಗೆಡ್ಡೆಯ ಪಲ್ಯವನ್ನು ನಾವೇ ತಿಂದೆವು, ಇನ್ನೇನು ಮಾಡುವುದು?

ಮರುವರ್ಷವೂ ಅಪ್ಪ ಸಾಲು ಬಿಟ್ಟ, ಹಿಂದಿನಂತೆಯೇ ಒಳ್ಳೆಯದನ್ನೇ ಬಿಟ್ಟ. ರಾಜಣ್ಣನ ಎತ್ತುಗಳು ಮತ್ತೆ ಬಂದವು, ಅಪ್ಪ ಮತ್ತೆ ಸುಮ್ಮನಾದ. ಸಣ್ಣಮ್ಮ ಮಾತ್ರ ನಮ್ಮ ಬದುವಿಗೆ ಬರಲಿಲ್ಲ, ಆಮೇಲೆ ಯಾವತ್ತೂ ಬರಲಿಲ್ಲ.

ಈಗ ಅಪ್ಪನಿಲ್ಲ. ಹೊಲ ಶುಂಠಿ ಬೆಳೆಯುವವರಿಗೆ ಗುತ್ತಿಗೆಗೆ ಹೋಗಿದೆ, ಅವರು ಅಂಚು ಕೂಡ ಬಿಡುವುದಿಲ್ಲ. ಹಾಸನದ ಮನೆಯಲ್ಲಿ ನಾನೂ ನನ್ನ ಮಕ್ಕಳಿಗೆ ಕೊಡುವುದನ್ನು ಕಲಿಸುತ್ತೇನೆ. ಕ್ರಿಸ್‌ಮಸ್ ಬಂದರೆ ಹೊಸ ಬಟ್ಟೆ ತಂದು ಅವರ ಕೈಯಿಂದಲೇ ಬಡವರಿಗೆ ಕೊಡಿಸುತ್ತೇನೆ. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ, ಬೇಡ ಎನ್ನಲು ನನಗೂ ಬಾಯಿ ಬರುವುದಿಲ್ಲ, ನಮ್ಮಪ್ಪನ ಮಗಳೇ ತಾನೆ. ಬಟ್ಟೆ ತೆಗೆದುಕೊಂಡವರು ಬಗ್ಗಿ ಕೈ ಮುಗಿಯುತ್ತಾರೆ. ನನ್ನ ಮಕ್ಕಳ ಮುಖ ಅರಳುತ್ತದೆ. ಅದನ್ನು ನೋಡಲಾಗದೆ ನಾನು ಬೇರೆ ಕಡೆ ತಿರುಗುತ್ತೇನೆ. ಅಷ್ಟು ವರ್ಷ ನಮ್ಮ ಹೊಲದಿಂದ ಮಂಕರಿ ತುಂಬಿಕೊಂಡು ಹೋದ ಸಣ್ಣಮ್ಮ ನಮಗೆ ಒಂದು ಸಲವೂ ಕೈ ಮುಗಿದಿರಲಿಲ್ಲ.