ದಾನ ಕೊಟ್ಟ ಕಾರಿನ ಹಾರನ್

ನಮ್ಮ ಸವಿತಾಳಿಗೆ ಹೆಣ್ಣು ಮಗು ಆಯಿತು. ಎರಡೂವರೆ ಕೆಜಿ, ತಲೆ ತುಂಬ ಕೂದಲು, ಮೂಗು ಮಾತ್ರ ಅದರ ತಾತನದು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನ್ನ ಮಗಳ ಮಡಿಲು ತುಂಬಿತು. ಇದನ್ನು ಮೊದಲು ಹೇಳಿಬಿಡದೆ ಬೇರೆ ಏನು ಹೇಳಲಿ? ಮಗುವಿಗೆ ಈಗ ಎರಡು ತಿಂಗಳು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸುತ್ತೇನೆ. ದೃಷ್ಟಿ ಆಗುತ್ತೆ ಎಂದು ಮಗಳು ಬೈಯುತ್ತಾಳೆ. ಆದರೆ ಆಗಲಿ, ಸಂಜೆ ನಿವಾಳಿಸಿ ಹಾಕಿದರಾಯಿತು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆಯುವುದು ನನಗೆ ಹೊಸದು. ಆದರೂ ಆ ಮಗು ಹುಟ್ಟಿದ ದಿನ ನಡೆದದ್ದನ್ನು ಬರೆದಿಡಬೇಕು ಅನ್ನಿಸಿದೆ. ಶಕುನ, ಗಾಳಿ, ದೆವ್ವ ಇವನ್ನೆಲ್ಲ ನಾನು ನಂಬಿದವಳಲ್ಲ. ಹಲ್ಲಿ ಲೊಚಗುಟ್ಟಿತು ಎಂದು ಹೊಸಿಲಲ್ಲೇ ನಿಲ್ಲುವವರನ್ನು ಕಂಡು ನಕ್ಕವಳು. ನೀವೂ ಈಗ ನಗಬಹುದು, ನನಗೆ ಬೇಸರವಿಲ್ಲ.

ನಮ್ಮೂರು ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಒಂದು ವರ್ಷ ಶುಂಠಿಗೆ ಕೈತುಂಬ ಬೆಲೆ ಸಿಕ್ಕಿತು. ಆಗ ನಮ್ಮ ಯಜಮಾನರು ಹಾಸನಕ್ಕೆ ಹೋಗಿ, ಕಾಫಿ ತೋಟದವರೊಬ್ಬರು ಓಡಿಸಿದ್ದ ದೊಡ್ಡ ಕಾರು ಕೊಂಡು ತಂದರು. ಬಿಳಿ ಬಣ್ಣ, ಏಳು ಜನರ ಸೀಟು, ಚರ್ಮದ ಮೆತ್ತೆ, ಮೇಲ್ಗಡೆ ಆಕಾಶ ನೋಡಲು ಗಾಜಿನ ಕಿಟಕಿ. ಊರವರು ಅದಕ್ಕೆ ಆನೆ ಎಂದು ಹೆಸರಿಟ್ಟರು. ಕೆಳಗೆ ಹಾಸಿದ್ದ ಕಾರ್ಪೆಟ್ ಕೊಳೆಯಾದೀತು ಎಂದು ಮೊದಲ ತಿಂಗಳು ನಾನು ಕಾಲು ಮೇಲಿಟ್ಟುಕೊಂಡೇ ಕೂರುತ್ತಿದ್ದೆ.

ಯಜಮಾನರು ಎಲ್ಲಿಂದ ಬಂದರೂ ಊರಿನ ಅರಳಿಮರದ ತಿರುವಿನಲ್ಲಿ ಹಾರನ್ ಮಾಡುತ್ತಿದ್ದರು. ಒಂದು ಉದ್ದ, ಎರಡು ಗಿಡ್ಡ. ನಾನು ಬಂದೆ, ರೊಟ್ಟಿ ಹಂಚು ಒಲೆ ಮೇಲಿಡು ಎಂದು ಅದರ ಅರ್ಥ. ಎಂಟು ವರ್ಷ ಆ ಸದ್ದಿಗೆ ನಾನು ಹಂಚು ಇಟ್ಟಿದ್ದೇನೆ.

ಆಮೇಲೆ ಅವರ ಕಣ್ಣು ಕೆಟ್ಟಿತು. ಇನ್ನು ಗಾಡಿ ಓಡಿಸಬೇಡಿ ಎಂದರು ಡಾಕ್ಟರು. ಮಗ ಮಂಜನಿಗೆ ತನ್ನ ಸಣ್ಣ ಕಾರೇ ಸಾಕು. ಮಾರಿಬಿಡೋಣ ಎಂದ. ಯಜಮಾನರು ಒಪ್ಪಲಿಲ್ಲ.

"ಆನೆನ ಮಾರ್ತಾರೇನ್ಲಾ? ಅರಕಲಗೂಡಲ್ಲಿ ಬಸುರಿ ಹೆಂಗಸ್ರನ್ನ, ಕಾಯಿಲೆಯವ್ರನ್ನ ಕಾಸಿಲ್ದೆ ಆಸ್ಪತ್ರೆಗೆ ಕರ್ಕೊಂಡೋಗೋರವ್ರಂತೆ. ಅವ್ರಿಗೆ ಕೊಟ್ಬುಡಾನ. ನಮ್ ಮಗಳ ಹೆರಿಗೆಗಂತೂ ಬರ್ಲಿಲ್ಲ. ಊರ ಹೆಣ್ಮಕ್ಳಿಗಾದ್ರೂ ಆಗ್ಲಿ."

ಆ ಮಾತಿಗೆ ಮಂಜ ಒಪ್ಪಿಕೊಂಡ. ಒಳಗೆ ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಕೊಡುವ ದಿನ ಕಾರಿಗೆ ಅರಿಶಿನ ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕಳಿಸಿದೆವು. ಅವತ್ತು ನಾನು ಒಂದು ಕೆಲಸ ಮಾಡಿದೆ. ನಮ್ಮಲ್ಲಿ ದನ ಮಾರಿದರೆ ಕೊರಳಿನ ಹಗ್ಗ ಕೊಡುವುದಿಲ್ಲ. ಕೊಂಡವರು ತಮ್ಮ ಹಗ್ಗ ಕಟ್ಟಿ ಹೊಡೆದುಕೊಂಡು ಹೋಗುತ್ತಾರೆ, ಹಳೆಯದು ನಮ್ಮ ಕೊಟ್ಟಿಗೆಯಲ್ಲೇ ಉಳಿಯುತ್ತದೆ. ಕಾರಿಗೆ ಹಗ್ಗ ಎಲ್ಲಿಂದ ಬರಬೇಕು? ಎರಡು ಕೀಲಿ ಇದ್ದವು. ಒಂದನ್ನು ಯಾರಿಗೂ ಹೇಳದೆ ನನ್ನ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡೆ. ಕಾರು ಒಯ್ಯಲು ಬಂದವರು ಕೇಳಿದಾಗ ಕಳೆದುಹೋಗಿದೆ ಎಂದೆ. ನಂಬಿಕೆಯಿಂದ ಮಾಡಿದ್ದಲ್ಲ, ರೂಢಿ.

ಯಜಮಾನರು ಮಾತ್ರ "ಸದ್ಯ, ಡೀಸೆಲ್ ಕುಡಿಯೋದು ತಪ್ತು" ಎಂದು ನಕ್ಕರು. ಸಂಜೆಯಾದರೆ ಜಗಲಿ ಮೇಲೆ ಕೂತು ಖಾಲಿ ಶೆಡ್ಡು ನೋಡುತ್ತಿದ್ದರು.

ಕಾರು ಹೋಗಿ ವರ್ಷ ತುಂಬುವುದರೊಳಗೆ ಸವಿತಾ ಬಸುರಿಯಾದಳು. ಚೊಚ್ಚಲು ತವರಲ್ಲೇ ಆಗಬೇಕು ಎಂದು ಚನ್ನರಾಯಪಟ್ಟಣದಿಂದ ಕರೆತಂದೆವು. ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಮೂರು ವಾರವಿತ್ತು. ಒಂದು ಮಧ್ಯಾಹ್ನ ಊಟ ಮಾಡಿ ತಟ್ಟೆ ಎತ್ತಲು ಬಗ್ಗಿದವಳು ಗೋಡೆ ಹಿಡಿದುಕೊಂಡಳು. "ಅವ್ವಾ, ನೀರು ಓಯ್ತಾ ಅದೆ" ಎಂದಳು.

ಮಂಜ ಕಾರು ತೆಗೆದುಕೊಂಡು ಹಾಸನಕ್ಕೆ ಹೋಗಿದ್ದ. ಸಂತೆ ದಿನವಾದ್ದರಿಂದ ಊರಿನ ಆಟೋಗಳೆಲ್ಲ ಅರಕಲಗೂಡಿನಲ್ಲಿದ್ದವು. ಆಂಬುಲೆನ್ಸಿಗೆ ಫೋನು ಮಾಡಿದರೆ ಶೆಟ್ಟಿಹಳ್ಳಿ ಕಡೆ ಹೋಗಿದೆ, ಬರಲು ಒಂದು ಗಂಟೆಯಾಗುತ್ತದೆ ಎಂದರು. ನಾವು ಕಾರು ಕೊಟ್ಟಿದ್ದವರ ಫೋನು ಹತ್ತಲೇ ಇಲ್ಲ. ಸವಿತಾಳ ಕೈ ತಣ್ಣಗಾಗುತ್ತಿತ್ತು. ಹನ್ನೊಂದು ವರ್ಷ ಕಾದದ್ದು ನಮ್ಮ ನಡುಮನೆಯಲ್ಲೇ ಕೈಬಿಟ್ಟು ಹೋಗುತ್ತದೇನೋ ಅನ್ನಿಸಿತು.

ಆಗ ಹಾರನ್ ಕೇಳಿಸಿತು. ಅರಳಿಮರದ ಕಡೆಯಿಂದ. ಒಂದು ಉದ್ದ, ಎರಡು ಗಿಡ್ಡ.

ಸುಳ್ಳು ಹೇಳುವುದಿಲ್ಲ, ನನ್ನ ಕೈ ಒಲೆಯ ಕಡೆ ಹೋಯಿತು. ಆಮೇಲೆ ಬುದ್ಧಿ ಬಂತು. ಜಗಲಿಗೆ ಓಡಿದೆ. ಯಜಮಾನರು ಫೋನು ಹಿಡಿದು ತಿರುವಿನ ಕಡೆಗೇ ನೋಡುತ್ತಿದ್ದರು.

"ಕೇಳ್ತಾ?" ಎಂದೆ.

"ಏನು? ಏನಿಲ್ಲ. ನೀನು ಒಳಗೋಗು, ಮಗಳತ್ರ ಇರೋಗು" ಎಂದು ಗದರಿದರು.

ಪಕ್ಕದ ಮನೆ ರತ್ನಮ್ಮನನ್ನು ಮಗಳ ಹತ್ತಿರ ಕೂರಿಸಿ ಬರಿಗಾಲಲ್ಲಿ ಓಡಿದೆ. ಅರಳಿಮರದ ಹತ್ತಿರ ಯಾರೂ ಇರಲಿಲ್ಲ. ಧೂಳು ಕೂಡ ಎದ್ದಿರಲಿಲ್ಲ. ಆದರೂ ಹಿಂದಿರುಗಲು ಮನಸ್ಸಾಗಲಿಲ್ಲ. ಅಲ್ಲಿಂದ ದೊಡ್ಡ ರಸ್ತೆ ಕೂಗಳತೆ ದೂರ. ಹೋಗಿ ನಿಂತೆ. ಎಲೆಅಡಿಕೆ ಉಗಿಯುವಷ್ಟು ಹೊತ್ತಿಗೆ ಹೊಳೆನರಸೀಪುರದ ಕಡೆಯಿಂದ ನಮ್ಮ ಆನೆ ಬಂತು. ಅದೇ ಬಿಳಿ ಬಣ್ಣ, ಹಣೆಯಲ್ಲಿ ನಾನಿಟ್ಟ ಕುಂಕುಮದ ಮಸುಕಾದ ಕಲೆ. ರಸ್ತೆ ಮಧ್ಯೆ ಎರಡೂ ಕೈ ಚಾಚಿ ನಿಂತುಬಿಟ್ಟೆ.

ಬ್ರೇಕು ಕಿರುಗುಟ್ಟಿತು. ಡ್ರೈವರು ತಲೆ ಹೊರಗೆ ಹಾಕಿದ. "ಏನವ್ವಾ, ಸಾಯಕ್ಕೆ ನನ್ ಗಾಡೀನೇ ಬೇಕಿತ್ತಾ ನಿಂಗೆ?"

"ನಿನ್ ಗಾಡಿ ಅಲ್ಲ ಕಣಪ್ಪ, ನಮ್ದು. ಮಗಳಿಗೆ ನೋವು ಬಂದದೆ, ತಿರುಗ್ಸು!"

ಅವನ ಹೆಸರು ನಿಂಗರಾಜ. ಅಲ್ಲೇ ಗಾಡಿ ತಿರುಗಿಸಿದ. ಸವಿತಾಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೆವು. ಯಜಮಾನರು ಮುಂದೆ ಕೂತರು. ದಾರಿಗೆ ಕುರಿಮಂದೆ ಅಡ್ಡ ಬಂತು. "ಹಾರನ್ ಹೊಡಿಯಪ್ಪ!" ಎಂದು ನಾನು ಕಿರುಚಿದೆ. ಅವನು ಕಿಟಕಿಯಿಂದ ತಲೆ ಹಾಕಿ "ಹೋಯ್, ಹೋಯ್" ಎಂದು ಕೂಗಿದ.

"ಹಾರನ್ ಎಲ್ಲದೆ ಅವ್ವಾ? ಸತ್ತೋಗಿ ನಾಕು ದಿನ ಆಯ್ತು. ನಾಳೆ ರಿಪೇರಿ ಮಾಡುಸ್ಬೇಕು."

"ಮತ್ತೆ ನಮ್ಮೂರ ತಿರುವಲ್ಲಿ ಹೊಡುದ್ಯಲ್ಲ?"

"ನಿಮ್ಮೂರಿಗೆ ನಾನ್ಯಾವಾಗ ಬಂದಿದ್ದೆ?" ಎಂದವನು ಹಾರನ್ ಒತ್ತಿ ತೋರಿಸಿದ. ಸದ್ದೇ ಇಲ್ಲ. ದಿನವೂ ಹೊಳೆನರಸೀಪುರದಲ್ಲೇ ಊಟ ಮಾಡಿ ಹೊರಡುತ್ತಿದ್ದನಂತೆ. ಅವತ್ತು ಯಾಕೋ ಊಟ ಬೇಡ ಅನ್ನಿಸಿ ಬೇಗ ಹೊರಟಿದ್ದನಂತೆ. ಯಜಮಾನರು ಮುಂದಿನ ಗಾಜು ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ಆಸ್ಪತ್ರೆ ಸೇರಿದ ಅರ್ಧ ಗಂಟೆಗೆ ಮಗು ಅತ್ತಿತು. ಕರುಳುಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತಂತೆ. "ಇನ್ನು ಸ್ವಲ್ಪ ತಡವಾಗಿದ್ದರೆ..." ಎಂದ ಡಾಕ್ಟರಮ್ಮ ಮಾತು ಮುಗಿಸದೆ ನನ್ನ ಭುಜ ತಟ್ಟಿ ಹೋದರು.

ನಾನು ಎಷ್ಟೋ ಯೋಚಿಸಿದ್ದೇನೆ. ಬೇರೆ ಯಾವುದೋ ಗಾಡಿಯ ಸದ್ದು ಎನ್ನುತ್ತಾನೆ ಮಂಜ. ಇರಬಹುದು. ಆದರೆ ಹಾಲಿನ ಗಾಡಿ, ಬಸ್ಸು, ಟ್ರ್ಯಾಕ್ಟರು ಎಲ್ಲದರ ಸದ್ದೂ ನನಗೆ ಗೊತ್ತು. ಇದು ಅವಲ್ಲ. ಹಾಗಾದರೆ ಏನು? ನನಗೆ ತಿಳಿಯದು.

ಅವತ್ತು ಸಂಜೆ ಮಂಜ ರತ್ನಮ್ಮನ ಕೈಯಲ್ಲಿ ಮಾಡಿಸಿದ ಮುದ್ದೆ, ಬಸ್ಸಾರು ತಂದ. ಅಳಿಯ ಚನ್ನರಾಯಪಟ್ಟಣದಿಂದ ಎಳನೀರಿನ ಗೊನೆಯನ್ನೇ ಹೊತ್ತು ಬಂದ. ನಿಂಗರಾಜ ಇನ್ನೊಬ್ಬರನ್ನು ಬಿಡಲು ಮತ್ತೆ ಆಸ್ಪತ್ರೆಗೆ ಬಂದಿದ್ದ, ಅವನನ್ನೂ ಎಳೆದು ಕೂರಿಸಿಕೊಂಡೆ. ಸವಿತಾಳ ಮಂಚದ ಪಕ್ಕ ಅಷ್ಟು ಜನರನ್ನು ಬಿಡುವುದಿಲ್ಲ. ಅವಳ ಕಿಟಕಿಯ ಕೆಳಗೆ ಹೊಂಗೆ ಮರದಡಿ ಟವೆಲ್ ಹಾಸಿದೆವು. ಒಳಗಿಂದ ಅವಳು "ನಂಗೂ ಒಂದು ತುತ್ತು ಮಡುಗ್ರವ್ವ" ಎಂದು ಕೂಗಿದಳು.

ಬಡಿಸುವ ಮೊದಲು ಚೀಲದಿಂದ ಕೀಲಿ ತೆಗೆದು ನಿಂಗರಾಜನ ಕೈಗಿಟ್ಟೆ. ಯಜಮಾನರು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

"ಎಲಾ ಇವಳ! ಮಾರುದ್ರೆ ಹಗ್ಗ ಇಟ್ಕೋಬೇಕು ಕಣೆ. ದಾನ ಕೊಟ್ಮೇಲೆ ಹಗ್ಗಾನೂ ಅವ್ರದೇ. ಅರ್ಧ ಕೊಟ್ಟು ಅರ್ಧ ಹಿಡ್ಕಂಡಿದ್ಯಲ್ಲೇ!"

"ಅದ್ಕೇ ಈಗ ಪೂರ್ತಿ ಕೊಟ್ಟೆ. ಬ್ಯಾರೆ ಹೆಣ್ಮಕ್ಳೂ ಕಾಯ್ತಿರ್ತಾರೆ" ಎಂದೆ. ನಿಂಗರಾಜ ಕೀಲಿ ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿದ.

ಎಲ್ಲರೂ ಮುದ್ದೆ ಮುರಿದರು. ಯಜಮಾನರು ಮಾತ್ರ ತುತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಆಮೇಲೆ ನನಗೊಬ್ಬಳಿಗೇ ಕೇಳುವಂತೆ, "ನಂಗೂ ಕೇಳ್ತು ಕಣೆ" ಎಂದರು. "ಯಾರಿಗಾದ್ರೂ ಯೋಳುದ್ರೆ ತಲೆ ಕೆಟ್ಟದೆ ಅಂದಾರು ಅಂತ ಸುಮ್ಕಿದ್ದೆ. ನಾನೇ ಮನೆಗೆ ಬಂದಂಗಾಯ್ತು."

ಅವರ ಮುದ್ದೆಯ ಮೇಲೆ ಇನ್ನೊಂದು ಸೌಟು ಸಾರು ಬಿಟ್ಟೆ. ಅವರು ಉಂಡರು, ನಾವೆಲ್ಲ ಉಂಡೆವು. ಕಿಟಕಿಯೊಳಗೆ ಮಗು ಎದ್ದು ಅಳತೊಡಗಿತು.