ಅಮ್ಮ ಕುಂಕುಮ ಇಟ್ಟ ಕ್ಯಾಸೆಟ್

ತಲಘಟ್ಟಪುರದಿಂದ ನಮ್ಮ ಬನಶಂಕರಿಗೆ ಮೆಟ್ರೋದಲ್ಲಿ ಎಷ್ಟು ಮಹಾ ದೂರ ಹೇಳಿ. ಆದರೂ ಅಕ್ಕ ಬರುವುದು ಹಬ್ಬಕ್ಕೆ ಮಾತ್ರ, ಬಂದರೂ ಕಾಲಿಗೆ ಚಕ್ರ ಕಟ್ಟಿಕೊಂಡೇ. ಎಲೆ ಎತ್ತುವ ಮೊದಲೇ ಬ್ಯಾಗು ಹೆಗಲಿಗೆ. ಬೇಜಾರಾಗುತ್ತದೆ ಎನ್ನಲು ನನಗೆ ನಾಚಿಕೆ, ಅದಕ್ಕೇ ಸಿಟ್ಟು ಮಾಡಿಕೊಳ್ಳುತ್ತೇನೆ.

ಅವಳನ್ನು ಕೂರಿಸಲು ಇದ್ದದ್ದು ಒಂದೇ ಉಪಾಯ, ಜಗಳ. ಚಿಕ್ಕಂದಿನಲ್ಲಿ ಸೋದರಮಾವ ದುಬೈಯಿಂದ ತಂದ ವಿಡಿಯೋ ಗೇಮಿನ ಕಾರ್ ರೇಸಿನಲ್ಲಿ ಮೊದಲ ಸ್ಥಾನ ತನ್ನದು ಅಂತ ಅವಳು, ನನ್ನದು ಅಂತ ನಾನು. ರೆಕಾರ್ಡು ಗೇಮಿನ ಕ್ಯಾಸೆಟ್ಟಿನೊಳಗೇ ಇರುತ್ತದೆ. ಈ ಸಲದ ಆಯುಧಪೂಜೆಗೆ ತೋರಿಸಿಯೇ ಬಿಡೋಣವೆಂದು ಗೇಮಿನ ಮೆಷಿನ್ನನ್ನು ಅಮ್ಮನ ಹಳೇ ಟಿವಿಗೆ ಜೋಡಿಸಲು ಕೂತೆ.

ಕ್ಯಾಸೆಟ್ ನೋಡಿ ತಲೆ ಕೆಟ್ಟಿತು. ಮಿಕ್ಸಿ, ಸ್ಕೂಟರಿನ ಜೊತೆ ಅದಕ್ಕೂ ಅಮ್ಮ ವರ್ಷಾ ವರ್ಷ ಪೂಜೆ ಮಾಡಿದ್ದಳು. ಮೇಲಿನ ಚಿತ್ರಕ್ಕೆ ಇಟ್ಟಿದ್ದರೆ ಸರಿ, ಮೆಷಿನ್ನಿಗೆ ಕಚ್ಚಿಕೊಳ್ಳುವ ಲೋಹದ ಹಲ್ಲುಗಳಿಗೇ ಗಂಧ, ಕುಂಕುಮ.

"ಕೆಲಸ ಮಾಡೋ ಜಾಗಕ್ಕೆ ತಾನೇ ಇಡೋದು? ಕತ್ತಿ ಪೂಜೆ ಮಾಡೋರು ಬರೀ ಹಿಡಿಗೆ ಇಡ್ತಾರಾ?" ಅಂದಳು ಅಮ್ಮ.

ಕಿಲುಬು ಹಿಡಿದ ಹಲ್ಲನ್ನು ರಬ್ಬರಿನಿಂದ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಕ್ಯಾಸೆಟ್ಟನ್ನು ಮೆಷಿನ್ನಿಗೆ ತುರುಕಿದೆ. ಗೇಮು ಬಂತು, ರೆಕಾರ್ಡು ಬರಲಿಲ್ಲ. ಎಲ್ಲಾ ಸೊನ್ನೆ. ಅದನ್ನು ಉಳಿಸಿಡುವ, ಅಂಗಿ ಗುಂಡಿಯಷ್ಟಗಲದ ಒಳಗಿನ ಬ್ಯಾಟರಿ ಸತ್ತುಹೋಗಿತ್ತು. ಇನ್ನು ಹೊಸದಾಗಿ ಗೆದ್ದರೂ ಕರೆಂಟ್ ಇರುವಷ್ಟು ಹೊತ್ತು ಮಾತ್ರ ಅದರ ನೆನಪು.

"ಹೋಯ್ತಾ? ಸರಿ, ನಾನು ಬರ್ತೀನಿ," ಅಂತ ಅಕ್ಕ ಎದ್ದಳು.

ಇದ್ದೊಂದು ಜಗಳವೂ ಕೈಬಿಟ್ಟಿತಲ್ಲ. "ಸೋಲ್ತೀನಿ ಅಂತ ಭಯ ಇದ್ರೆ ಹೋಗು," ಅಂದೆ.

ಬ್ಯಾಗು ಕೆಳಗಿಳಿಯಿತು. ಸೆರಗು ಸಿಕ್ಕಿಸಿಕೊಂಡು ಏನು ಓಡಿಸಿದಳು ಅಂತೀರಿ. ನನ್ನ ಕಾರು ಗೋಡೆಗೆ ಗುದ್ದುತ್ತಲೇ ಇತ್ತು. ಗೆದ್ದಳು, ನ್ಯಾಯವಾಗಿಯೇ ಗೆದ್ದಳು.

"ಅಮ್ಮಾ, ಬಾ ಇಲ್ಲಿ, ನೋಡು ಯಾರು ಫಸ್ಟ್ ಅಂತ," ಎಂದು ಅಕ್ಕ ಕೂಗಿದಳು.

ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಕರೆಂಟ್ ಹೋಯಿತು.

"ಯಾರು ಗೆದ್ದಿದ್ದು?" ಕಪ್ಪು ಟಿವಿ ನೋಡುತ್ತಾ ಕೇಳಿದಳು.

"ನಾನಮ್ಮ," ಅಂದೆ, ರೆಪ್ಪೆ ಕೂಡ ಬಡಿಯದೆ.

ಅಕ್ಕ ನನ್ನನ್ನು ನುಂಗುವ ಹಾಗೆ ನೋಡಿದಳು. ಬ್ಯಾಗನ್ನು ಒಳಗಿನ ರೂಮಿನಲ್ಲಿಟ್ಟು ಬಂದು ಟಿವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ಕರೆಂಟ್ ಬರ್ಲಿ ಮಗನೇ. ಇವತ್ತು ಇಲ್ಲೇ ಇರ್ತೀನಿ."