ಹೊಂಗೆಮರ ಬಿಡಿಸದ ಡ್ರಾಯಿಂಗ್ ಮೇಷ್ಟ್ರು

ಮೊನ್ನೆ ಬಡಗಿ ನಮ್ಮ ಹೊಸ ಬಾಗಿಲಿಗೆ ಅಗಸೆ ಎಣ್ಣೆ ತಿಕ್ಕುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಡ್ರಾಯಿಂಗ್ ಮೇಷ್ಟ್ರು ಕಣ್ಣೆದುರು ಬಂದರು. ಅವರು ಬಣ್ಣ ಕಲಸುತ್ತಿದ್ದದ್ದು ಅದೇ ಎಣ್ಣೆಯಲ್ಲಿ...

ಸಾವಿರದ ಒಂಬೈನೂರ ಮೂವತ್ತರ ನಂತರದ ವರ್ಷಗಳು. ನಾನು ಗೆಜ್ಜಲಗೆರೆ ಹತ್ತಿರದ ಊರಿಗೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಮಾವ ತೀರಿಕೊಂಡಿದ್ದರು. ಕನ್ನಂಬಾಡಿ ಕಟ್ಟೆಯ ನೀರು ನಮ್ಮ ಹೊಲಗಳಿಗೂ ಬರಲಿತ್ತು. ಕಾಲುವೆ ತೋಡುವವರು ಹತ್ತಿರವಾಗುತ್ತಿದ್ದರು. ದಾರಿಗೆ ಅಡ್ಡವಾಗಿದ್ದದ್ದು ನಮ್ಮ ಬದುವಿನ ಹೊಂಗೆಮರ. ಮಾವನೂ ಅತ್ತೆಯೂ ಮಧ್ಯಾಹ್ನದ ಹಿಟ್ಟಿನ ಮುದ್ದೆ ಉಂಡು ನೆರಳಲ್ಲಿ ಕೂರುತ್ತಿದ್ದ ಮರ.

ಅತ್ತೆ ಅದರ ಬುಡದಲ್ಲಿ ಕೂತುಬಿಟ್ಟರು. ಕಡಿಯುವುದಾದರೆ ಮೊದಲು ತನ್ನನ್ನು ಕಡಿಯಲಿ ಎಂದರು. ನಾನು ಒಯ್ದ ಹಿಟ್ಟನ್ನು ಮುಟ್ಟುತ್ತಿರಲಿಲ್ಲ. ನೋಡನೋಡುತ್ತಾ ಸೊರಗಿದರು. ಎಳೆದು ಎಬ್ಬಿಸಲು ನಮ್ಮ ಯಜಮಾನರಿಗೆ ಮನಸ್ಸಿಲ್ಲ; ನೀರಿಗೆ ಕಾದಿದ್ದ ಊರಿಗೆ ತಾಳ್ಮೆಯಿಲ್ಲ.

ಮದ್ದೂರಿನ ಶಾಲೆಯಿಂದ ಮೇಷ್ಟ್ರನ್ನು ಕರೆತಂದದ್ದು ಯಜಮಾನರೇ. ಮರದ ಚಿತ್ರ ಮನೆಗೆ ಬಂದರೆ ಅವ್ವ ಏಳಬಹುದೆಂಬ ಆಸೆ. ಮೇಷ್ಟ್ರು ದೂರ ನಿಂತು ಮರ ನೋಡಲಿಲ್ಲ. ಅತ್ತೆಯ ಪಕ್ಕದಲ್ಲೇ ಚಾಪೆ ಹಾಸಿ, ಮರಕ್ಕೆ ಬೆನ್ನು ಕೊಟ್ಟು ಕೂತು, ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಬರೆದರು. ಮೇಷ್ಟ್ರು ಬಟ್ಟೆ ಮೇಲೆ ರಾಗಿ ಬಿತ್ತುತ್ತಿದ್ದಾರೆ ಎಂದು ಕಾಲುವೆಯ ಆಳುಗಳು ನಕ್ಕರು. ಮೇಷ್ಟ್ರೂ ನಕ್ಕು, ಮಳೆ ಬರುವುದರೊಳಗೆ ಮೊಳೆಯಲಿ ಅಂದರು.

ಚಿತ್ರ ಮುಗಿಯಿತು. ಎದುರಿಗೆ ಬಿಸಿಲಲ್ಲಿ ರಾಗಿ ಹೊಲ, ಆಚೆಗೆ ಆಕಾಶ. ಕೆಳಗೆ, ನೋಡುವವರ ಕಾಲ ಬಳಿ, ಗಾಳಿಗೆ ಅಲ್ಲಾಡಿದಂತಿದ್ದ ಎಲೆಗಳ ನೆರಳು. ಮರವೇ ಇರಲಿಲ್ಲ.

"ಏನ್ ಮೇಷ್ಟ್ರೇ, ಮರಾನೇ ಬುಟ್ಬುಟ್ರಲ್ಲ" ಎಂದರು ಯಜಮಾನರು.

ಇನ್ನು ಅತ್ತೆ ಏಳುವುದಿಲ್ಲ ಅಂದುಕೊಂಡೆ. ಮೇಷ್ಟ್ರು ಕುಂಚ ಒರೆಸುತ್ತಿದ್ದರು.

ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ಮಗನಿಗೆ ಹೇಳಿದರು: "ಸುಮ್ಕಿರ್ಲಾ. ದೂರ್ದಿಂದ ಬರೋ ನಿಂಗೆ ಮರ ಕಾಣ್ತಿತ್ತು. ನಾನೂ ನಿಮ್ಮಪ್ಪನೂ ಇಲ್ಲಿ ಕುಂತು ನೋಡ್ತಿದ್ದದ್ದು ಇದ್ನೇ ಕಣ್ಲಾ."

ನನ್ನ ಭುಜ ಹಿಡಿದು ಎದ್ದರು. "ಮನೆಗ್ ನಡಿಯವ್ವ, ಇಟ್ಟು ಇಕ್ಕು" ಅಂದರು. ತಿರುಗಿ ನೋಡಿದರೆ ಮೇಷ್ಟ್ರು ಆಗಲೇ ಮದ್ದೂರಿನ ದಾರಿ ಹಿಡಿದಿದ್ದರು.

ಮುಂದೆ ಅವರಿಗೆ ಮಳವಳ್ಳಿಗೆ ವರ್ಗವಾಯಿತು. ಅಲ್ಲೇ ಮನೆ ಮಾಡಿಕೊಂಡರು. ಹೋದ ಬೇಸಿಗೆಯಲ್ಲಿ ತೀರಿಕೊಂಡರು. ನಿದ್ದೆಯಲ್ಲೇ ಹೋದರಂತೆ, ನರಳಲಿಲ್ಲವಂತೆ. ಅಷ್ಟು ಸಮಾಧಾನ... ಅತ್ತೆ ಅವತ್ತು ಹೊಟ್ಟೆತುಂಬ ಉಂಡರು ಎಂದು ಮಾತ್ರ ಅವರಿಗೆ ಹೇಳಲು ಆಗಲೇ ಇಲ್ಲ.